ಎರ್ಕೊಳ್ಳೋ ಎಣ್ಣೆ

ಆ ಹುಡುಗಿ ಮೊದಲು ತಲೆ ತೋರಿಸಲಿಲ್ಲ, ಟೊಪ್ಪಿ ತೋರಿಸಿದಳು. ಚೀಲದಿಂದ ಒಂದು ನೀಲಿ ಬಟ್ಟೆ ಟೊಪ್ಪಿ ತೆಗೆದು ನನ್ನ ಕನ್ನಡಿಯ ಮುಂದಿನ ಹಲಗೆ ಮೇಲಿಟ್ಟು, "ಅಕ್ಕಾ, ಇದ್ನ ನೋಡಿ. ಇವತ್ತು ಬೆಳಿಗ್ಗೆ ಒಗೆದಿದ್ದು ಹಾಕ್ಕೊಂಡು ಹೋಗಿದ್ದೆ," ಅಂದಳು. ಹಣೆಗೆ ತಾಗುವ ಪಟ್ಟಿಯುದ್ದಕ್ಕೂ ಎರಡು ಬೆರಳಗಲ ಎಣ್ಣೆ ಇಳಿದಿತ್ತು. ಬೋಂಡಾ ಕಟ್ಟಿಕೊಟ್ಟ ಕಾಗದ ಇರುತ್ತಲ್ಲ, ಹಾಗೆ.

ನನ್ನದು ಜೂಜುವಾಡಿಯಲ್ಲಿ ಚಿಕ್ಕ ಪಾರ್ಲರು. ಎರಡು ಕುರ್ಚಿ, ತಲೆ ತೊಳೆಯೋಕೆ ಒಂದು ಬೇಸಿನ್ನು, ರಸ್ತೆಯ ಲಾರಿ ಧೂಳು ಬರದ ಹಾಗೆ ಒಂದು ಗಾಜಿನ ಬಾಗಿಲು. ಆ ಬಾಗಿಲ ಮೇಲೆ ನಾನೇ ಬರೆದು ಅಂಟಿಸಿದ ಕಾಗದವೊಂದಿದೆ: "ಎಣ್ಣೆ ತಲೆಯಲ್ಲಿ ಬರಬೇಡಿ." ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದಿದ್ದೇನೆ. ಮೂರರಲ್ಲೂ ಬೈಸಿಕೊಂಡಿದ್ದೇನೆ. ಏನು ಮಾಡಲಿ, ನನ್ನ ಬಿಳಿ ಟವೆಲ್ಲುಗಳನ್ನು ಒಗೆಯುವವಳು ನಾನೇ. ಎಣ್ಣೆ ಅಂದರೆ ನನಗೆ ಆಗ ಅಷ್ಟು ಸಿಟ್ಟಿತ್ತು.

ಹುಡುಗಿಗೆ ಇಪ್ಪತ್ತೆರಡು ಇರಬಹುದು. ತಳಿ ಕಡೆಯ ಹಳ್ಳಿಯವಳು. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಫೋನಿನ ಕ್ಯಾಮೆರಾಗೆ ಕೂರಿಸುವ ಕಡಲೆಬೇಳೆಯಷ್ಟು ಗಾಜುಗಳನ್ನು ದೀಪದ ಕೆಳಗಿಟ್ಟು ನೋಡುವ ಕೆಲಸ. ತಲೆ ಬಗ್ಗಿಸಿ ಕೂತರೆ ಟೊಪ್ಪಿಯಿಂದ ಹಣೆಗೆ, ಹಣೆಯಿಂದ ಗ್ಲೌಸಿಗೆ, ಗ್ಲೌಸಿಂದ ಗಾಜಿಗೆ ಎಣ್ಣೆ ಹತ್ತುತ್ತಿತ್ತು. ಅವಳ ಟ್ರೇಗಳು ವಾಪಸ್ ಬರುತ್ತಿದ್ದವು. ಲೈನಿನ ಸೂಪರ್‌ವೈಸರಮ್ಮ ತಮಿಳಿನಲ್ಲಿ, ಎಲ್ಲರ ಮುಂದೆ, ತಲೆಗೆ ಎಣ್ಣೆ ಸುರಿದುಕೊಂಡು ಬರ್ತೀಯಾ ಅಂತ ಮೂರು ಸಲ ಕೇಳಿಯಾಗಿತ್ತು. ನಾಲ್ಕನೇ ಸಲ ಕೇಳುವುದಿಲ್ಲ, ಲೈನಿಂದ ತೆಗೆದು ಮನೆಗೆ ಕಳುಹಿಸುತ್ತೇನೆ ಅಂದಿದ್ದಳಂತೆ.

"ಕತ್ತರಿಸ್ಬುಡಿ ಅಕ್ಕಾ. ಗಂಡುಡುಗ್ರ ತರ ಮಾಡ್ಬುಡಿ. ಎಣ್ಣೆ ನಿಂತ್ರೆ ಸಾಕು," ಅಂದಳು. ಅಂದವಳೇ ಜಡೆ ಮುಂದಕ್ಕೆಳೆದುಕೊಂಡು ಅಪ್ಪಿಕೊಂಡಳು. ಸೊಂಟ ದಾಟಿದ ಜಡೆ.

"ಏನಮ್ಮಿ, ಕೂದಲಿಂದ ಎಣ್ಣೆ ಬರುತ್ತೆ ಅಂತ ಯಾರು ಹೇಳಿದ್ರು ನಿನಗೆ?" ಅಂದೆ. "ಎಣ್ಣೆ ಬಿಡೋದು ನೆತ್ತಿ ಚರ್ಮ. ಬೋಳಿಸಿದ್ರೂ ಬಿಡುತ್ತೆ. ಜಡೆ ಏನು ತಪ್ಪು ಮಾಡಿದೆ?"

ಕುರ್ಚಿಯಲ್ಲಿ ಕೂರಿಸಿ ತಲೆ ಬಿಚ್ಚಿದೆ. ನಾನು ಮೊದಲು ಮಾಡುವುದು ಕಾಗದದ ಪರೀಕ್ಷೆ. ಟಿಶ್ಯೂ ಕಾಗದ ನಾಲ್ಕು ತುಂಡು ಮಾಡಿ ನೆತ್ತಿಗೊಂದು, ಹಣೆಯಂಚಿಗೊಂದು, ಕಿವಿ ಹಿಂದೊಂದು, ಕತ್ತಿನ ಮೇಲೊಂದು ಇಟ್ಟು ಹತ್ತು ಎಣಿಸುವವರೆಗೆ ಒತ್ತುತ್ತೇನೆ. ಆಮೇಲೆ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತೇನೆ. ಸಾಮಾನ್ಯ ತಲೆಯಾದರೆ ಒಂದೋ ಎರಡೋ ತುಂಡಿನಲ್ಲಿ ಚುಕ್ಕಿ ಕಾಣುತ್ತದೆ. ಇವಳದ್ದು ನಾಲ್ಕೂ ತುಂಡು ಆಚೆಯ ಬೆರಳು ಕಾಣುವಷ್ಟು ತಿಳಿಯಾಗಿತ್ತು. ಬೈತಲೆ ತೆಗೆದು ನೋಡಿದರೆ ಹಳದಿ ಹೊಟ್ಟು, ಅದೂ ಉದುರುವ ಹೊಟ್ಟಲ್ಲ, ಅಂಟಿಕೊಂಡ ಹೊಟ್ಟು. ಕೆಳಗೆ ಚರ್ಮ ಕೆಂಪಗೆ. ಹಣೆಯಂಚು ಸುಲಿದುಹೋಗಿತ್ತು. ಕೇಳಿದರೆ, ಫ್ಯಾಕ್ಟರಿ ಟಾಯ್ಲೆಟ್ಟಿನಲ್ಲಿ ಕೈ ತೊಳೆಯುವ ಸೋಪು ಹಾಕಿ ದಿನಾ ನಾಲ್ಕು ಸಲ ಉಜ್ಜುತ್ತಿದ್ದಳಂತೆ.

"ಅಯ್ಯೋ, ಮುಖ ಅಂದ್ಕೊಂಡ್ಯೋ ಪಾತ್ರೆ ಅಂದ್ಕೊಂಡ್ಯೋ?" ಅಂತ ಬೈದೆ. ನನ್ನ ಬಾಯಿ ಹಾಗೆಯೇ. ಬೈದ ಮೇಲೆ ಅವಳ ಕಣ್ಣು ತುಂಬಿದ್ದು ನೋಡಿ ನನ್ನ ಬಿಳಿ ಟವೆಲ್ಲೊಂದನ್ನು ಅವಳ ಕೈಗಿಟ್ಟೆ. ತಾಯಿಯಿಲ್ಲದ ಹುಡುಗಿ, ಅಜ್ಜಿ ಸಾಕಿದ್ದು, ಇವಳ ಸಂಬಳದಲ್ಲೇ ಇಬ್ಬರ ಊಟ ಅಂತ ಆಮೇಲೆ ತಿಳಿಯಿತು. "ಮೂರು ವಾರ ಕೊಡು ನನಗೆ. ಕತ್ತರಿ ಮುಟ್ಟಲ್ಲ, ಟೊಪ್ಪಿ ಒಣಗಿಸ್ತೀನಿ," ಅಂದುಬಿಟ್ಟೆ. ಹೊಟ್ಟು ನೋಡಿಯೂ ನಾನು ಅಷ್ಟು ಧೈರ್ಯವಾಗಿ ಹೇಳಬಾರದಿತ್ತು. ಅವಳು ಹೋಗಿ ಸೂಪರ್‌ವೈಸರಮ್ಮನ ಕಾಲು ಹಿಡಿಯುವುದೊಂದು ಬಾಕಿ, ಹೇಗೋ ಮೂರು ವಾರ ತಂದಳು.

ಮೊದಲ ದಿನವೇ ಹೊಸೂರಿನ ಚರ್ಮದ ಡಾಕ್ಟರ ಹತ್ತಿರ ಕಳುಹಿಸಿದೆ. ಕೆಂಪಾದ ನೆತ್ತಿಗೆ ನಾನು ಕೈ ಹಾಕುವುದಿಲ್ಲ, ಅದು ನನ್ನ ನಿಯಮ. ಅವರು ಒಂದು ಔಷಧಿ ಶಾಂಪೂ ಬರೆದುಕೊಟ್ಟು, ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು ಅಂದಿದ್ದರು. ಉಳಿದದ್ದು ನನ್ನ ಪಾಲು. ಅಜ್ಜಿ ದಿನಾ ಬೆಳಿಗ್ಗೆ ಜಡೆ ಹಾಕುವಾಗ ಅಂಗೈ ತುಂಬ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರಂತೆ, ಅದನ್ನು ನಿಲ್ಲಿಸಲು ಹೇಳಿದೆ. ಒದ್ದೆ ತಲೆ ಕಟ್ಟಬೇಡ ಅಂದೆ. ಬೆಳಗಿನ ಶಿಫ್ಟು ಮುಗಿಸಿ ಮಧ್ಯಾಹ್ನ ಮನೆಗೆ ಹೋಗುತ್ತಾಳಲ್ಲ, ಆಗ ತೊಳೆದರೆ ಬಿಸಿಲಲ್ಲಿ ಒಣಗುತ್ತದೆ. ದಿಂಬಿನ ಬಟ್ಟೆ ಎರಡು ದಿನಕ್ಕೊಮ್ಮೆ ಬದಲಾಯಿಸು, ಬಾಚಣಿಗೆ ಬಿಸಿನೀರಲ್ಲಿ ನೆನೆಹಾಕು ಅಂದೆ.

ಕೊನೆಗೆ ಮುಖ್ಯವಾದದ್ದು. "ಹೇರ್‌ವಾಶ್" ಅನ್ನುವ ಮಾತು ಬಾಯಿ ತುದಿಗೆ ಬಂದಿತ್ತು. ಗಿರಾಕಿಗಳಿಗೆಲ್ಲ ನಾನು ಹಾಗೇ ಹೇಳುವುದು. ಆದರೆ ಈ ಹುಡುಗಿ ನಮ್ಮ ಕಡೆಯವಳು, ಗಾಬರಿಯಾಗಿದ್ದಾಳೆ, ಮನೆ ಮಾತಲ್ಲಿ ಹೇಳಿದರೆ ಹತ್ತಿರವಾಗುತ್ತದೆ ಅನ್ನಿಸಿತು. "ವಾರಕ್ಕೆ ಮೂರು ಸಲ ತಲೆಗೆ ಎರ್ಕೋ. ಒಂದು ಸಲಾನೂ ತಪ್ಪಿಸ್ಬೇಡ," ಅಂದೆ.

"ಮೂರು ಸಲಾನಾ?" ಅಂತ ಅವಳು ಕಣ್ಣರಳಿಸಿದಳು.

"ಮೂರು ಸಲ. ಚೆನ್ನಾಗಿ ಎರ್ಕೋ."

ಮೊದಲ ವಾರ ಮುಗಿದಾಗ ಕಾಗದ ಒತ್ತಿದೆ. ನಾಲ್ಕೂ ತುಂಡು ಹಾಗೇ ಇದ್ದವು. ಶುರುವಿನಲ್ಲಿ ಹೀಗೇ ಇರುತ್ತದೆ, ನೆತ್ತಿ ಪಳಗಬೇಕು ಅಂದೆ. ಎರಡನೇ ವಾರ ಕಾಗದ ಒತ್ತುವುದೇ ಬೇಡವಾಗಿತ್ತು, ಕೈ ಇಟ್ಟರೆ ಬೆರಳು ಜಾರುತ್ತಿತ್ತು. ಬೋರ್‌ವೆಲ್ ನೀರು ಗಡುಸಿರಬೇಕು, ಶಾಂಪೂ ನೊರೆ ಬರುತ್ತಿಲ್ಲ ಅಂದುಕೊಂಡೆ. ಶಾಂಪೂವನ್ನು ಮಗ್ಗಿನಲ್ಲಿ ನೀರಿಗೆ ಕಲಸಿ ಹಾಕು, ಉಗುರು ತಾಗಿಸದೆ ಬೆರಳ ತುದಿಯಲ್ಲಿ ತಿಕ್ಕು, ಬೆಚ್ಚಗಿನ ನೀರು ಸಾಕು ಅಂತ ಮತ್ತೆ ಪಾಠ ಮಾಡಿದೆ. "ಎರ್ಕೊಂಡ್ಯಾ?" ಅಂದರೆ "ಎರ್ಕೊಂಡೆ ಅಕ್ಕಾ, ಮೂರು ಸಲಾನೂ." "ದಿನಾ ಎಣ್ಣೆ ಹಚ್ತಿಲ್ಲ ತಾನೇ?" ಅಂದರೆ "ಒಂದು ತೊಟ್ಟೂ ಇಲ್ಲ." ಹುಡುಗಿ ಸುಳ್ಳು ಹೇಳುವವಳಲ್ಲ. ಹಾಗಾದರೆ ತಪ್ಪು ಎಲ್ಲಿದೆ? ಹನ್ನೆರಡು ವರ್ಷದಿಂದ ತಲೆ ತೊಳೆಯುತ್ತಿರುವ ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಂತ ಅವಳಿಗೆ ಹೇಳುವ ಧೈರ್ಯವೂ ಇರಲಿಲ್ಲ.

ಮೂರನೇ ವಾರದ ಗುರುವಾರ ಶಿಫ್ಟು ಮುಗಿಸಿ ನೇರ ಬಂದಳು. ಕುರ್ಚಿಯಲ್ಲಿ ಕೂತಳು. ಅವತ್ತು ಎರಡು ಟ್ರೇ ವಾಪಸ್ ಬಂದಿದ್ದವು. ಇನ್ನೊಂದು ವಾರ ನೋಡುತ್ತೇನೆ, ಆಗಲೂ ಟೊಪ್ಪಿ ಹೀಗೇ ಇದ್ದರೆ ಬರಬೇಡ ಅಂದಿದ್ದಳಂತೆ ಸೂಪರ್‌ವೈಸರಮ್ಮ.

"ನಿಮ್ಮ ಮಾತು ಕೇಳಿ ಕೆಟ್ಟೆ ಅಕ್ಕಾ," ಅಂದಳು. ಸಿಟ್ಟಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಅಂದಳು. "ಇವತ್ತು ಕತ್ತರಿಸ್ಬುಡಿ."

ಕತ್ತರಿಸಿದರೆ ಬೇಗ ತೊಳೆಯಬಹುದು, ಬೇಗ ಒಣಗುತ್ತದೆ, ಅಷ್ಟಾದರೂ ಆಗಲಿ ಅಂತ ಒಪ್ಪಿಕೊಂಡೆ. ಬಟ್ಟೆ ಹೊದಿಸಿದೆ. ಜಡೆ ಬಿಚ್ಚಿ ಮೇಲಿಂದ ಕೆಳಗೆ ಬಾಚಿ, ಕತ್ತಿನ ಹತ್ತಿರ ಒಂದು ರಬ್ಬರ್‌ಬ್ಯಾಂಡ್ ಹಾಕಿದೆ. ಉದ್ದ ಕೂದಲನ್ನು ಹಾಗೇ ಕಟ್ಟು ಸಮೇತ ಕತ್ತರಿಸಿ ಕೈಗೆ ಕೊಡುತ್ತೇವೆ. ಅವಳು ಕಣ್ಣು ಗಟ್ಟಿ ಮುಚ್ಚಿದ್ದಳು. ಕತ್ತರಿ ತೆಗೆದುಕೊಳ್ಳಲು ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡೆ, ಅದೊಂದು ಕೆಟ್ಟ ಅಭ್ಯಾಸ ನನಗೆ. ಮೂಗಿಗೆ ಘಮ್ ಅಂತ ಬಡಿಯಿತು.

ಹರಳೆಣ್ಣೆ. ತಲೆ ಬಿಟ್ಟ ಎಣ್ಣೆಯಲ್ಲ, ಗಾಣದ ಹರಳೆಣ್ಣೆ. ನಮ್ಮವ್ವನ ಕೈ ವಾಸನೆ ಅದು, ಮೂಗಿನ ಬುಡಕ್ಕೆ ಬಂದರೆ ನನಗೆ ತಪ್ಪುವುದೇ ಇಲ್ಲ.

"ನಿನ್ನೆ ಎಣ್ಣೆ ಹಚ್ಕೊಂಡ್ಯಾ?"

"ಇಲ್ಲಕ್ಕಾ."

"ಸುಳ್ಳು ಹೇಳ್ಬೇಡ್ವೇ."

"ಅವ್ವನಾಣೆ ಇಲ್ಲಕ್ಕಾ. ನಿನ್ನೆ ಎರ್ಕೊಂಡೆ ಅಷ್ಟೇ."

ಕತ್ತರಿ ಕೆಳಗಿಟ್ಟೆ. "ಹೆಂಗೆ ಎರ್ಕೊಂಡೆ? ಮೊದಲಿಂದ ಹೇಳು."

"ಎಲ್ರೂ ಎರ್ಕೊಳ್ಳೋ ಹಂಗೇ. ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ನೆತ್ತಿಗೆ ಹುಯ್ದು ತಟ್ಟುತ್ತೆ. ಒಂದು ಗಂಟೆ ಬುಡುತ್ತೆ. ಆಮೇಲೆ ಸೀಗೆಪುಡಿ, ಆಮೇಲೆ ಡಾಕ್ಟ್ರ ಶಾಂಪೂ, ಆಮೇಲೆ ನೀರು."

"ಅಲ್ಲಾ ಕಣೇ, ಎಣ್ಣೆ ಹಚ್ಬೇಡ ಅಂತ ಹೇಳಿರ್ಲಿಲ್ವಾ ನಾನು!"

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು, ಇಷ್ಟೂ ಗೊತ್ತಿಲ್ವಾ ಇವರಿಗೆ ಅನ್ನುವ ಹಾಗೆ. "ಅದು ಹಚ್ಕೊಳ್ಳೋ ಎಣ್ಣೆ ಅಲ್ವಲ್ಲಕ್ಕಾ. ಎರ್ಕೊಳ್ಳೋ ಎಣ್ಣೆ. ತೊಳ್ದೋಗುತ್ತಲ್ಲ."

ತಲೆ ಚಚ್ಚಿಕೊಂಡೆ. ಅವಳದಲ್ಲ, ನನ್ನದು. ನಮ್ಮ ಊರುಗಳಲ್ಲಿ ಎರ್ಕೊಳ್ಳೋದು ಅಂದರೆ ಎಣ್ಣೆ ಇಟ್ಟು ಎರ್ಕೊಳ್ಳೋದೇ. ನಮ್ಮ ಮನೆಯಲ್ಲೂ ಹಾಗೇ ಇತ್ತು. ವಾರಕ್ಕೊಮ್ಮೆ ಹರಳೆಣ್ಣೆ ಕಾಣುತ್ತಿದ್ದ ಆ ಉರಿಯುವ ನೆತ್ತಿಗೆ ನಾನು ಮೂರು ಸಲ ಹುಯ್ಯಿಸಿದ್ದೆ. ಅಂಟು ಎಣ್ಣೆ ಸೀಗೆಗೆ ಪೂರ್ತಿ ಹೋಗುವುದಿಲ್ಲ. ಡಾಕ್ಟರ ಔಷಧಿ ಆ ಎಣ್ಣೆಯ ಮೇಲೆ ಕೂತು ನೀರಲ್ಲಿ ಹರಿದುಹೋಗುತ್ತಿತ್ತು, ಚರ್ಮಕ್ಕೆ ತಾಗಿಯೇ ಇರಲಿಲ್ಲ. ಹೇರ್‌ವಾಶ್ ಅಂದಿದ್ದರೆ ಸಾಕಿತ್ತು! ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ರಬ್ಬರ್‌ಬ್ಯಾಂಡ್ ತೆಗೆದೆ.

"ಏಳಮ್ಮಿ. ತಪ್ಪು ನಂದು. ಬರೀ ನೀರು, ಶಾಂಪೂ. ಎಣ್ಣೆ ಮುಟ್ಟಂಗಿಲ್ಲ. ಅಷ್ಟೇ."

ಅವಳು ಏಳಲಿಲ್ಲ. "ಬರೀ ನೀರಿಗೆ ಅಜ್ಜಿ ಒಪ್ಪಲ್ಲಕ್ಕಾ. ಜೀವ ಹೋದ್ರೂ ಒಪ್ಪಲ್ಲ," ಅಂದಳು.

ಭಾನುವಾರ ಪಾರ್ಲರು ಮುಚ್ಚಿದೆ. ಭಾನುವಾರ ಮುಚ್ಚುವ ಪಾರ್ಲರು ಎಲ್ಲಾದರೂ ಉಂಟೇ, ಆದರೂ ಮುಚ್ಚಿದೆ. ತಳಿ ಬಸ್ಸು ಹತ್ತಿ, ಅಲ್ಲಿಂದ ಒಂದು ಜೀಪಿನಲ್ಲಿ ಅವಳ ಹಳ್ಳಿಗೆ ಹೋದೆ. ಮೇಲೆ ಹೋದಂತೆ ಗಾಳಿ ತಣ್ಣಗಾಯಿತು. ಮನೆಯ ಹಿಂದೆ ಹುರುಳಿಕಾಯಿ, ಪಕ್ಕದಲ್ಲಿ ಸೇವಂತಿಗೆ ಸಾಲು. ಅಜ್ಜಿ ಹಿತ್ತಲಲ್ಲಿ ಹಂಡೆಗೆ ಉರಿ ಹಾಕಿ ಕೂತಿದ್ದರು. ಪಕ್ಕದಲ್ಲಿ ಹಿತ್ತಾಳೆ ಬಟ್ಟಲು, ಅದರ ತುಂಬ ಹರಳೆಣ್ಣೆ. ಮೊಮ್ಮಗಳಿಗೆ ವಾರಕ್ಕೆ ಮೂರು ಸಲ ಎರೆಯಿರಿ ಅಂತ ಹೇಳಿದ ಪುಣ್ಯಾತ್ಗಿತ್ತಿ ಬಂದಳು ಅಂತ ನನಗೆ ಸೇವಂತಿಗೆ ಮುಡಿಸಿದರು. ಇಂಥವರ ಹತ್ತಿರ ಹೇಗೆ ಹೇಳುವುದು?

ಹೇಳಿದೆ. ನನ್ನ ಮಾತಿಂದ ತಪ್ಪಾಯಿತು ಅಂದೆ. ನೆತ್ತಿ ತಾನೇ ಎಣ್ಣೆ ಬಿಡುತ್ತಿದೆ, ಮೇಲಿಂದ ನಾವೂ ಹುಯ್ದರೆ ಹೊಟ್ಟು ಹೆಚ್ಚುತ್ತದೆ, ಔಷಧಿ ಇಳಿಯುವುದಿಲ್ಲ, ಈ ವಾರ ಟೊಪ್ಪಿ ಒಣಗದಿದ್ದರೆ ಕೆಲಸ ಹೋಗುತ್ತದೆ ಅಂದೆ. ಅಜ್ಜಿ ಉರಿಯನ್ನು ಒಳಗೆ ತಳ್ಳುತ್ತಾ ಎಲ್ಲ ಕೇಳಿದರು.

"ಬರೀ ನೀರು ಹುಯ್ಯೋದು ಯಾವತ್ತು ಅಂತ ಗೊತ್ತೈತೇನವ್ವ ನಿನಗೆ? ನಮ್ಮ ಕಡೆಯೋಳೇ ಅಲ್ವಾ ನೀನು?"

ಗೊತ್ತಿತ್ತು. ಸಾವಾದ ಮನೆಯಲ್ಲಿ.

"ಇವಳವ್ವ ಹೋದಾಗ ಇವಳಿಗೆ ಆರು ವರ್ಸ. ಈ ತೊಟ್ಟಿ ಹತ್ರ ನಿಲ್ಸಿ ನಾನೇ ಬರೀ ತಣ್ಣೀರು ಹುಯ್ದೆ. ಗಡಗಡ ನಡುಗ್ತಿತ್ತು ಕೂಸು. 'ಅಜ್ಜೀ, ಎಣ್ಣೆ ಇಕ್ಕಲ್ವಾ?' ಅಂತು. ಎಣ್ಣೆ ಇಕ್ಕೋಳು ಅವಳವ್ವ, ಅವಳು ಒಳಗೆ ಮಲಗವಳೆ, ನಾನೇನು ಹೇಳ್ಲಿ? ಹನ್ನೊಂದು ದಿನ ಕಳೆದ್ಮೇಲೆ ನಾನೇ ಈ ಬಟ್ಲಲ್ಲಿ ಎಣ್ಣೆ ಮುಟ್ಟಿಸ್ದೆ. ನನ್ನ ಉಸಿರಿರೋಗಂಟ ಈ ತಲೆಗೆ ಬರೀ ನೀರು ಬೀಳ್ಬಾರ್ದು ಅಂದ್ಕೊಂಡಿವ್ನಿ."

ಹುಡುಗಿ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದಳು. ನನಗೆ ಎದ್ದು ಬಂದುಬಿಡಲೇ ಅನ್ನಿಸಿತು. ಅಜ್ಜಿಗೆ ಗೊತ್ತಾಗದ ಹಾಗೆ ಪಾರ್ಲರಿನಲ್ಲೇ ತೊಳೆದು ಕಳುಹಿಸಬಹುದಿತ್ತು. ಆದರೆ ಹಾಗೆ ಕದ್ದು ತೊಳೆಯಲು ಮನಸ್ಸು ಬರಲಿಲ್ಲ. ಹುಡುಗಿಯ ಜಡೆಯ ತುದಿ ನನ್ನ ಮೊಣಕಾಲ ಹತ್ತಿರವೇ ಇತ್ತು. ಸುಮ್ಮನೆ ಕೈಗೆ ತೆಗೆದುಕೊಂಡೆ. ನೆತ್ತಿ ಅಷ್ಟು ಜಿಡ್ಡು, ಆದರೆ ತುದಿ ಒಣಗಿ, ಸೀಳಿ, ಕಡ್ಡಿಯ ಹಾಗಿತ್ತು. ಎಣ್ಣೆಯೆಲ್ಲ ಮೇಲೇ ಉಳಿದು ಕೆಳಗೆ ಬಂದೇ ಇರಲಿಲ್ಲ.

"ಅಜ್ಜಿ," ಅಂದೆ, "ಶಾಸ್ತ್ರಕ್ಕೆ ಎಣ್ಣೆ ಅಂದ್ರೆ ಎಷ್ಟು?"

"ಶಾಸ್ತ್ರಕ್ಕಾ? ಮೂರು ಬೊಟ್ಟು. ಮೊದಲು ನೆಲಕ್ಕೆ ಮೂರು, ಆಮೇಲೆ ನೆತ್ತಿಗೆ ಮೂರು."

"ನೆತ್ತಿಗೆ ಮೂರು ಬೊಟ್ಟು ಇಕ್ಕಿದ್ರೆ ಬರೀ ನೀರು ಅಲ್ಲ ತಾನೇ?"

"ಅಲ್ಲ." ಅಜ್ಜಿ ಎಣ್ಣೆ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು, "ಶಾಸ್ತ್ರಕ್ಕೆ ಸಾಕು ಕಣವ್ವ. ಪ್ರೀತಿಗೆ ಸಾಕಾಗಲ್ಲ," ಅಂದರು.

"ಪ್ರೀತಿದನ್ನ ಇಲ್ಲಿಗೆ ಹಚ್ಚಿ," ಅಂತ ಜಡೆಯ ತುದಿಯನ್ನು ಅವರ ಅಂಗೈಯಲ್ಲಿಟ್ಟೆ. "ನೋಡಿ, ಇದು ಹಸ್ಕೊಂಡೈತೆ. ಕಿವಿಯಿಂದ ಕೆಳಕ್ಕೆ ಎಷ್ಟು ಬೇಕಾದ್ರೂ ಹಚ್ಚಿ. ಅಂಗಾಲಿಗೂ ಹಚ್ಚಿ. ನೆತ್ತಿಗೆ ಮಾತ್ರ ಮೂರೇ ಬೊಟ್ಟು."

ಅಜ್ಜಿ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಅಯ್ಯೋ ಕೂಸೇ, ಇದ್ನ ನಾನು ನೋಡೇ ಇಲ್ವಲ್ಲ," ಅಂದರು, ನನಗಲ್ಲ, ಮೊಮ್ಮಗಳಿಗೆ.

ಅವತ್ತು ಮೂವರೂ ಸೇರಿ ಎರೆದೆವು. ಅಜ್ಜಿ ನೆಲಕ್ಕೆ ಮೂರು, ನೆತ್ತಿಗೆ ಮೂರು ಬೊಟ್ಟು ಇಟ್ಟು, ಉಳಿದ ಎಣ್ಣೆಯನ್ನು ಜಡೆಯ ಕೆಳಗಿನ ಭಾಗಕ್ಕೆ ತಿಕ್ಕಿದರು. ಕೈ ಎರಡು ಸಲ ಅಭ್ಯಾಸಬಲದಿಂದ ಮೇಲಕ್ಕೆ ಹೋಯಿತು, ಎರಡು ಸಲವೂ ನಾನು ಹಿಡಿದೆ, ನಕ್ಕರು. ಬೆಚ್ಚಗಿನ ನೀರನ್ನು ಮೊದಲು ಎರಡು ನಿಮಿಷ ಬರೀ ಹರಿಸಿದೆ. ಮಾಮೂಲಿ ಶಾಂಪೂ ಕಲಸಿದ ನೀರಲ್ಲಿ ಒಂದು ಸಲ ತೊಳೆದೆ. ಆಮೇಲೆ ಬೈತಲೆ ಬೈತಲೆಯಾಗಿ ಬಿಡಿಸಿ, ಔಷಧಿ ಶಾಂಪೂ ಚರ್ಮಕ್ಕೇ ತಾಗುವಂತೆ ಹಚ್ಚಿದೆ. ಐದು ನಿಮಿಷಕ್ಕೆ ಗಡಿಯಾರ ಬೇಡ ಅಂತ ಅಜ್ಜಿ ಮೊಮ್ಮಗಳು ಹುಟ್ಟಿದ ದಿನದ ಕಥೆ ಹೇಳಿದರು. ಕಥೆ ಏಳೆಂಟು ನಿಮಿಷ ಆಯಿತು, ಪರವಾಗಿಲ್ಲ. ಅಜ್ಜಿ ನೀರು ಹುಯ್ಯುತ್ತಾ ಹೋದರು, ನಾನು ಬೆರಳಾಡಿಸುತ್ತಾ ಹೋದೆ. ಬೆರಳ ಕೆಳಗೆ ಕೂದಲು ಕಿರ್ ಅಂದಾಗ ಮೊದಲ ಸಲ ಉಸಿರು ಬಿಟ್ಟೆ. ಬಿಸಿಲಲ್ಲಿ ಕೂರಿಸಿ ಒಣಗಿಸಿ, ಕಾಗದ ಒತ್ತಿದೆ. ನೆತ್ತಿಯ ತುಂಡಿನಲ್ಲಿ ಮಾತ್ರ ಬೆರಳು ಮಸುಕಾಗಿ ಕಂಡಿತು, ಉಳಿದ ಮೂರರಲ್ಲಿ ಆಚೆಯ ಬೆರಳು ಕಾಣಲಿಲ್ಲ.

ಒಂದೇ ದಿನದಲ್ಲಿ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ. ಎಣ್ಣೆ ಚರ್ಮ ಹುಟ್ಟಿನಿಂದ ಬಂದದ್ದು, ಎರಡನೇ ದಿನದ ಸಂಜೆಗೆ ಮತ್ತೆ ಜಿಡ್ಡು ಬರುತ್ತದೆ. ದಿನ ಬಿಟ್ಟು ದಿನ ತೊಳೆಯಬೇಕು, ಟೊಪ್ಪಿಯ ಒಳಗೆ ಹತ್ತಿ ಪಟ್ಟಿ ಕಟ್ಟಬೇಕು, ಊಟದ ಬಿಡುವಿನಲ್ಲಿ ಪಟ್ಟಿ ಬದಲಾಯಿಸಬೇಕು. ಅದನ್ನೆಲ್ಲ ಹುಡುಗಿ ಮಾಡಿದಳು. ಗುರುವಾರ ಸೂಪರ್‌ವೈಸರಮ್ಮ ಟೊಪ್ಪಿಯನ್ನು ತಾನೇ ತೆಗೆದು, ಮಡಿಚಿ, ಬಿಡಿಸಿ, ದೀಪಕ್ಕೆ ಹಿಡಿದು ನೋಡಿದಳಂತೆ. ಬೈಯದೆ ವಾಪಸ್ ಕೊಟ್ಟಳಂತೆ. ಮುಂದಿನ ವಾರ, ಯಾವ ಪಾರ್ಲರಮ್ಮಾ ಅಂತ ತಮಿಳಿನಲ್ಲಿ ಮೆಲ್ಲಗೆ ಕೇಳಿದಳಂತೆ. ಅವಳಿಗೂ ಅದೇ ತೊಂದರೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗಾಜಿನ ಬಾಗಿಲು ತಳ್ಳಿಕೊಂಡು ಅಜ್ಜಿ ಬಂದರು. ಒಬ್ಬರೇ, ಎರಡು ಬಸ್ಸು ಹತ್ತಿಳಿದು. ಸೆರಗಿನಲ್ಲಿ ಹುರುಳಿಕಾಯಿ, ಕೈಯಲ್ಲಿ ಬಟ್ಟೆ ಸುತ್ತಿದ ಸಣ್ಣ ಬಾಟಲಿ. ಕನ್ನಡಿ, ಬೇಸಿನ್ನು, ಟವೆಲ್ಲು ಎಲ್ಲ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಕೇಳದೆ ಹೇಳದೆ ನನ್ನ ತಲೆ ಮೇಲೆ ಕೈ ಇಟ್ಟರು. ನನ್ನ ತಲೆ ಬಣ್ಣ ಹಾಕಿದ ಒಣ ತಲೆ, ದಿನಾ ಶಾಂಪೂ ಕಂಡ ತಲೆ.

"ಇದು ಒಂದು ಬೊಟ್ಟು ಎಣ್ಣೆ ಕಂಡು ಎಷ್ಟು ದಿನಾಯ್ತವ್ವ?"

"ನಮ್ದು ಇದೇ ಕೆಲಸ ಅಲ್ವಾ ಅಜ್ಜಿ, ಎಣ್ಣೆ ಇಕ್ಕಿದ್ರೆ ಆಗಲ್ಲ," ಅಂದೆ.

"ನಿಮ್ಮವ್ವ?"

"ಹೋಗ್ಬುಟ್ರು. ನಾಕು ವರ್ಸ ಆಯ್ತು."

"ಹನ್ನೊಂದು ದಿನ ಕಳೆದ್ಮೇಲೆ ನಿನಗೆ ಎಣ್ಣೆ ಮುಟ್ಟಿಸಿದ್ದು ಯಾರು?"

ಯಾರೂ ಇಲ್ಲ. ಅವ್ವನ ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ದಿನಕ್ಕೆ ಒಂದು ಮದುವೆ ಹೆಣ್ಣಿನ ಅಲಂಕಾರ ಒಪ್ಪಿಕೊಂಡಿದ್ದೆ. ಎಣ್ಣೆ ಶಾಸ್ತ್ರಕ್ಕೆ ನಿಲ್ಲದೆ ಬೆಳಗಿನ ಬಸ್ಸಿಗೆ ಬಂದುಬಿಟ್ಟಿದ್ದೆ. ಅವತ್ತಿಂದ ಇವತ್ತಿನವರೆಗೂ ನನ್ನ ತಲೆಗೆ ಬಿದ್ದದ್ದು ಬರೀ ನೀರೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಅಜ್ಜಿಗೆ ಹೇಳಿದೆ.

ಅಜ್ಜಿ ನನ್ನ ಭುಜ ಅದುಮಿ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಬಾಟಲಿ ಬಿಚ್ಚಿದರು. ನೆಲಕ್ಕೆ ಮೂರು ಬೊಟ್ಟು ಇಟ್ಟರು, ನನ್ನ ಬಿಳಿ ಟೈಲ್ಸಿನ ಮೇಲೆ. ಗಾಜಿನ ಬಾಗಿಲಲ್ಲಿ ನಾನು ಬರೆದ ಕಾಗದ ಹಿಂದುಮುಂದಾಗಿ ಕಾಣುತ್ತಿತ್ತು. ಮೊದಲ ಬೊಟ್ಟು ನೆತ್ತಿಗೆ ತಾಗಿದಾಗ ತಣ್ಣಗಿತ್ತು.

"ಅವ್ವಾ," ಅಂದೆ.

"ಊಂ," ಅಂದರು ಅಜ್ಜಿ.